ಕನ್ನಡಕಕ್ಕೆ ಕವಿಯುವ ಮಂಜು

ಬಿಸಿ ಸಾರಿನ ತಪ್ಪಲೆಯ ಮುಂದೆ ಬಾಗಿದ ಕನ್ನಡಕಧಾರಿ ಕ್ಷಣಕಾಲ ಕುರುಡನಾಗುವುದು ನಗೆಯ ವಸ್ತುವಾಗಬಹುದು. ಆದರೆ ಮುಖಗವಸು ಕಟ್ಟಿ ರೋಗಿಯ ರಕ್ತನಾಳವನ್ನು ಅರಸುವ ದಾದಿಗೆ ಅದು ನಗೆಯ ಮಾತಲ್ಲ. 2020ರ ಮಹಾಮಾರಿಯ ಕಾಲದಲ್ಲಿ ಆ ಸಂಕಟ ಊರೂರಿಗೂ ತಿಳಿಯಿತು.

ಉಸಿರಿನ ಆವಿ ತಣ್ಣನೆಯ ಗಾಜಿಗೆ ತಗುಲಿ ಅಸಂಖ್ಯ ಕಿರುಹನಿಗಳಾಗುತ್ತದೆ; ಒಂದೊಂದು ಹನಿಯೂ ಬೆಳಕನ್ನು ದಿಕ್ಕುಗೆಡಿಸುತ್ತದೆ. ಆದ್ದರಿಂದ ನಮ್ಮ ವೈರಿ ನೀರಲ್ಲ, ಹನಿ. ಸೆರಗಿನಿಂದಲೋ ಪಂಚೆಯ ಅಂಚಿನಿಂದಲೋ ಒರೆಸಿದರೆ ಹನಿ ಮತ್ತೆ ಬರುತ್ತದೆ. ಜೊತೆಗೆ ಗೀರುಗಳೂ ಬೀಳುತ್ತವೆ. ಗಾಜನ್ನು ಸಾಬೂನಿನ ನೀರಿನಲ್ಲಿ ತೊಳೆದು, ಕೊಡವಿ, ಗಾಳಿಗೆ ಆರಬಿಟ್ಟರೆ ತೆಳುವಾದ ಪೊರೆಯೊಂದು ಉಳಿಯುತ್ತದೆ. ಅದರ ಮೇಲೆ ನೀರು ಹನಿಗಟ್ಟದೆ ಹಾಳೆಯಂತೆ ಹರಡುತ್ತದೆ, ನೋಟ ತಿಳಿಯಾಗಿರುತ್ತದೆ. ಪೊರೆ ಬಹುಕಾಲ ಬಾಳದು, ಮತ್ತೆ ತೊಳೆಯಬೇಕು.

1966ರ ಜೂನ್‌ನಲ್ಲಿ ಜೆಮಿನಿ 9 ನೌಕೆಯಿಂದ ಹೊರಬಂದ ಯೂಜೀನ್ ಸರ್ನನ್ ಅವರ ಶಿರಸ್ತ್ರಾಣದ ಗಾಜಿಗೆ ಮಂಜು ಕವಿದು, ಕೆಲಸ ಅರ್ಧಕ್ಕೇ ನಿಂತಿತು. ಮುಂದಿನ ಯಾತ್ರಿಗಳ ಗಾಜಿಗೆ ಮಂಜು ತಡೆಯುವ ಲೇಪ ಬಂದಿತು. ಇಂಗ್ಲೆಂಡಿನ ಶಸ್ತ್ರವೈದ್ಯರ ಪತ್ರಿಕೆಯೊಂದು 2011ರಲ್ಲಿಯೇ ಸಾಬೂನಿನ ಉಪಾಯವನ್ನು ಅಚ್ಚುಹಾಕಿತ್ತು. ವಿದ್ಯೆಗೆ ಕೊರತೆಯಿರಲಿಲ್ಲ, ಅದನ್ನು ಬೇಕಾದವರಿಗೆ ಮುಟ್ಟಿಸುವವರ ಕೊರತೆಯಿತ್ತು.

ಕನ್ನಡಕದ ಅಂಗಡಿಯವರು ಪೆಟ್ಟಿಗೆಯಲ್ಲಿ ಒಂದು ಚೌಕ ಬಟ್ಟೆಯನ್ನಿಟ್ಟು ಕಳುಹಿಸುತ್ತಾರೆ. ಅದರೊಡನೆ ಈ ನಾಲ್ಕು ಮಾತುಗಳನ್ನೂ, ವಿಶೇಷ ಲೇಪವಿರುವ ಗಾಜಿಗೆ ಯಾವ ಸಾಬೂನು ಹಿತವೆಂಬುದನ್ನೂ ಅವರು ಹೇಳಬೇಕೆಂದು ನನ್ನ ಅಭಿಪ್ರಾಯ. ಕಣ್ಣಿಗೆ ಗಾಜನ್ನು ಕೊಟ್ಟವರ ಹೊಣೆ ಅದು ಮಸುಕಾಗದಂತೆ ಕಾಯುವ ದಾರಿ ತೋರುವುದನ್ನೂ ಒಳಗೊಂಡಿದೆ.