ಕೂಡಿಡುವ ಮಾತುಗಳು

ಮೂವತ್ತೈದು ವರ್ಷ ಒಂದೇ ಕಚೇರಿಯಲ್ಲಿ ದುಡಿದ ಗುಮಾಸ್ತರೊಬ್ಬರು ನಿವೃತ್ತರಾಗುತ್ತಿದ್ದಾರೆಂದು ಓದುಗರು ಊಹಿಸಿಕೊಳ್ಳಲಿ. ತಿಂಗಳು ತಿಂಗಳೂ ಸಂಬಳದಲ್ಲಿ ಅಷ್ಟಿಷ್ಟು ತೆಗೆದಿಟ್ಟು ಅವರು ಸಣ್ಣದೊಂದು ಮನೆ ಕಟ್ಟಿಸಿದ್ದಾರೆ. ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದಾರೆ. ಬೀಳ್ಕೊಡುಗೆಯ ಸಮಾರಂಭಕ್ಕೆಂದು ಕಿರಿಯ ಸಹೋದ್ಯೋಗಿಯೊಬ್ಬ ಇಂಗ್ಲಿಷಿನಲ್ಲಿ ಬಿನ್ನವತ್ತಳೆ ಬರೆಯುತ್ತಾನೆ. 'ಕೂಡಿಸು' ಎಂಬುದಕ್ಕೆ ನಿಘಂಟಿನಲ್ಲಿರುವ ಮಾತುಗಳಲ್ಲಿ ಕಿವಿಗೆ ಘನವಾಗಿ ಕೇಳಿಸುವ 'ಅಮ್ಯಾಸ್' ಎಂಬುದನ್ನು ಆರಿಸಿ, ಹಿರಿಯರು ತಮ್ಮ ಸೇವಾವಧಿಯಲ್ಲಿ ಆಸ್ತಿಯನ್ನು 'ಅಮ್ಯಾಸ್' ಮಾಡಿದರೆಂದು ಹೊಗಳುತ್ತಾನೆ. ಸಭೆ ಚಪ್ಪಾಳೆ ತಟ್ಟುತ್ತದೆ. ಇಂಗ್ಲಿಷ್ ಚೆನ್ನಾಗಿ ಬಲ್ಲ ಮೇಲಧಿಕಾರಿಯ ಹುಬ್ಬು ಮಾತ್ರ ಮೇಲೇರುತ್ತದೆ. ವ್ಯಾಕರಣದಲ್ಲಿ ದೋಷವಿಲ್ಲ. ಆದರೆ ಪ್ರಾಮಾಣಿಕರೊಬ್ಬರ ಮೇಲೆ ಸಂಶಯದ ನೆರಳು ಬಿದ್ದುಹೋಯಿತು.

ಅಂತಹ ದೋಷ ಆ ಮಾತಿನಲ್ಲೇನಿದೆ? ಲ್ಯಾಟಿನ್ ಭಾಷೆಯಲ್ಲಿ 'ಮಾಸ್ಸ' ಎಂದರೆ ಕಲಸಿದ ಹಿಟ್ಟಿನ ಮುದ್ದೆ. ಸುತ್ತಲಿನದನ್ನೆಲ್ಲ ಒತ್ತಿ ಸೇರಿಸಿ ದೊಡ್ಡ ಮುದ್ದೆಯಾಗಿಸುವುದೇ 'ಅಮ್ಯಾಸ್'. ಪಂಡಿತನೊಬ್ಬ ಪುಸ್ತಕಗಳನ್ನೋ ಸಾಕ್ಷ್ಯಗಳನ್ನೋ ಹೀಗೆ ಸೇರಿಸಿದರೆ ಆಕ್ಷೇಪವಿಲ್ಲ. ಸಂಬಳದಾರನ ಆಸ್ತಿಯ ವಿಷಯದಲ್ಲಿ ಹೇಳಿದಾಗ ಮಾತ್ರ ಕನ್ನಡದ 'ಬಾಚಿಕೊಂಡ' ಎಂಬ ಮಾತಿನ ವಾಸನೆ ಅದಕ್ಕೆ ಅಂಟಿಕೊಳ್ಳುತ್ತದೆ. ವರಮಾನಕ್ಕೆ ಮೀರಿದ ಸಂಪತ್ತು ಮಾಡಿದವರ ಸುದ್ದಿಯಲ್ಲಿ ಇಂಗ್ಲಿಷ್ ಪತ್ರಿಕೆಗಳು ಬಳಸುವ ಮಾತು ಇದೇ.

'ಅಕ್ಯುಮ್ಯುಲೇಟ್' ಎಂಬುದು ಇಷ್ಟು ಕಟುವಲ್ಲ. ಅದರ ಮೂಲವಾದ 'ಕ್ಯುಮುಲಸ್' ಎಂಬುದಕ್ಕೆ ರಾಶಿ ಎಂದರ್ಥ. 1802ರಲ್ಲಿ ಲಂಡನ್ನಿನ ಔಷಧ ವ್ಯಾಪಾರಿ ಲ್ಯೂಕ್ ಹೋವರ್ಡ್ ಮೋಡಗಳಿಗೆ ಹೆಸರಿಟ್ಟಾಗ, ಅರಳೆಯ ರಾಶಿಯಂತೆ ಕಾಣುವ ಮೋಡವನ್ನು ಈ ಶಬ್ದದಿಂದಲೇ ಕರೆದನು. ಕಪಾಟಿನ ಮೇಲೆ ಧೂಳು, ಮೇಜಿನ ಮೇಲೆ ಕಾಗದ, ತಲೆಯ ಮೇಲೆ ಸಾಲ, ಎಲ್ಲವೂ ಹೀಗೆಯೇ ಪದರದ ಮೇಲೆ ಪದರವಾಗಿ ಸೇರುತ್ತವೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ.

'ಅಕ್ರೂ' ಎಂಬುದರಲ್ಲಿ ಮನುಷ್ಯನ ಕೈಯೇ ಕಾಣದು. ಬೆಳೆಯುವುದೆಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಅದು ಬಂದಿದೆ. ಬಿದಿಗೆಯ ಚಂದ್ರನಿಗೆ ಇಂಗ್ಲಿಷರು ಹೇಳುವ 'ಕ್ರೆಸೆಂಟ್' ಕೂಡ ಅದೇ ಮನೆತನದ್ದು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಬಡ್ಡಿ ಸೇರುತ್ತ ಹೋಗುವುದು ಈ ರೀತಿಯಲ್ಲಿ. ಯಜಮಾನ ನಿದ್ದೆ ಮಾಡಿದರೂ ಶುಕ್ಲಪಕ್ಷದ ಚಂದ್ರನಂತೆ ಅದು ತಾನೇ ಬೆಳೆಯುತ್ತದೆ. ಆದ್ದರಿಂದ ಬೆವರು ಸುರಿಸಿ ಗಳಿಸಿದ್ದನ್ನು ಈ ಮಾತಿನಿಂದ ಹೇಳಿದರೆ ದುಡಿಮೆಗೆ ಅನ್ಯಾಯವಾಗುತ್ತದೆ.

ಬಾಗಿದ ಬೆನ್ನು ಕಾಣಬೇಕಾದರೆ 'ಗ್ಲೀನ್' ಎಂಬ ಮಾತಿನೊಳಗೆ ನೋಡಬೇಕು. ಕೊಯ್ಲಾದ ಹೊಲದಲ್ಲಿ ಉದುರಿದ ತೆನೆಗಳನ್ನು ಬಡವರು ಆಯ್ದುಕೊಳ್ಳುವುದು ಅದರ ಮೊದಲ ಅರ್ಥ. ಕನ್ನಡದಲ್ಲಿ ಇದೇ ಹಕ್ಕಲಾಯುವುದು, ಸಂಸ್ಕೃತದಲ್ಲಿ ಉಂಛವೃತ್ತಿ. ಫ್ರಾನ್ಸಿನ ಚಿತ್ರಕಾರ ಮಿಲೆ 1857ರಲ್ಲಿ ರಚಿಸಿದ ಪ್ರಸಿದ್ಧ ಚಿತ್ರದಲ್ಲಿ ಮೂವರು ಹೆಂಗಸರು ಹೀಗೆ ಆಯುತ್ತಿದ್ದಾರೆ; ಅವರ ಹಿಂದೆ, ದೂರದಲ್ಲಿ, ಒಡೆಯನ ಬಣವೆಗಳು ನಿಂತಿವೆ. ಇಂಗ್ಲೆಂಡಿನಲ್ಲಿಯಾದರೋ ಹಕ್ಕಲಾಯುವುದು ಯಾರ ಹಕ್ಕೂ ಅಲ್ಲವೆಂದು 1788ರಲ್ಲಿ ನ್ಯಾಯಾಲಯವೊಂದು ತೀರ್ಪಿತ್ತಿತು. ಈಗ ಹೊಲಕ್ಕಿಂತ ಹೆಚ್ಚಾಗಿ ವಿಷಯಸಂಗ್ರಹಕ್ಕೆ ಈ ಮಾತು ಸಲ್ಲುತ್ತದೆ. ಅಲ್ಲೊಂದು ಇಲ್ಲೊಂದು ಸಂಗತಿಯನ್ನು ಶ್ರಮದಿಂದ ಆಯ್ದು ಕೂಡಿಸುವವನು 'ಗ್ಲೀನ್' ಮಾಡುತ್ತಾನೆ.

'ಹೋರ್ಡ್' ಎಂಬ ಮಾತಿನ ಭಾಗ್ಯ ವಿಚಿತ್ರವಾದುದು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ನಿಧಿ ಎಂಬ ಗೌರವದ ಅರ್ಥವಿತ್ತು. ಸಾವಿರ ವರ್ಷಗಳ ಹಿಂದಿನ ಕವಿಗಳು ಒಬ್ಬನಲ್ಲಿರುವ ಮಾತಿನ ಸಂಪತ್ತನ್ನು 'ವರ್ಡ್‌ಹೋರ್ಡ್', ಎಂದರೆ ಪದನಿಧಿ, ಎಂದು ಕರೆಯುತ್ತಿದ್ದರು. ನಿಧಿಯ ಸುತ್ತ ಬೀಗವೂ ಭಯವೂ ಬೆಳೆದಂತೆ ಮಾತು ಕಪ್ಪಾಯಿತು. ನೆರೆಹೊರೆ ಹಸಿದಿರುವಾಗ ಅಕ್ಕಿಯ ಮೂಟೆಗಳನ್ನು ಉಗ್ರಾಣದಲ್ಲಿ ಮುಚ್ಚಿಡುವುದು ಇಂದಿನ 'ಹೋರ್ಡಿಂಗ್'. ಭಾರತದಲ್ಲಿ ಇಂತಹ ದಾಸ್ತಾನಿಗೆ ಮಿತಿ ಹಾಕುವ ಅಧಿಕಾರವನ್ನು 1955ರ ಅಗತ್ಯ ವಸ್ತುಗಳ ಕಾಯಿದೆ ಸರಕಾರಕ್ಕೆ ಕೊಟ್ಟಿತು. ಬೀದಿಯಲ್ಲಿ ನಿಲ್ಲಿಸುವ ಜಾಹೀರಾತಿನ ಫಲಕಕ್ಕೂ ಅದೇ ಹೆಸರಿದೆಯಲ್ಲ ಎಂದು ಮಕ್ಕಳು ಕೇಳಿಯಾರು. ಅದು ಕಟ್ಟಡದ ಸುತ್ತಲಿನ ಹಲಗೆಬೇಲಿಯಿಂದ ಬಂದ ಬೇರೆಯೇ ಶಬ್ದ, ಎರಡಕ್ಕೂ ನಂಟಿಲ್ಲ.

ಹೀಗೆ ರಾಶಿ ಒಂದೇ ಆದರೂ ಅದು ಹೇಗೆ ಬಂದಿತೆಂಬುದನ್ನು ಒಂದೊಂದು ಮಾತೂ ಒಂದೊಂದು ವಿಧವಾಗಿ ಸಾರುತ್ತದೆ. ಒಂದರಲ್ಲಿ ಬಾಚುವ ಕೈ, ಇನ್ನೊಂದರಲ್ಲಿ ಆಯುವ ಕೈ, ಮತ್ತೊಂದರಲ್ಲಿ ಬೀಗ ಹಾಕುವ ಕೈ. ನಿಘಂಟು ಎಲ್ಲಕ್ಕೂ 'ಕೂಡಿಸು' ಎಂದು ಅರ್ಥ ಹೇಳಿ ಸುಮ್ಮನಾಗುತ್ತದೆ. ಆಮೇಲಿನ ಹೊಣೆ ಬರೆಯುವವನದು.

ಹಾಗಾದರೆ ಆ ಗುಮಾಸ್ತರಿಗೆ ಸಲ್ಲಬೇಕಾದ ಮಾತು ಯಾವುದು? ಶಾಲೆಯ ಮಕ್ಕಳಿಗೂ ತಿಳಿದಿರುವ 'ಸೇವ್' ಎಂಬ ಪುಟ್ಟ ಮಾತು. ಸುರಕ್ಷಿತವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಅದು ಹುಟ್ಟಿದೆ. ಮುಳುಗುವವನನ್ನು ಕಾಪಾಡುವುದಕ್ಕೂ ಸಂಬಳದಲ್ಲಿ ನಾಲ್ಕು ಕಾಸು ಎತ್ತಿಡುವುದಕ್ಕೂ ಇಂಗ್ಲಿಷರಿಗೆ ಆ ಮಾತೊಂದೇ. ಕನ್ನಡಿಗರಿಗೆ ಇದು ಹೊಸದಾಗಿ ತೋರದು. ಪ್ರಾಣ ಉಳಿಸುವುದು, ಹಣ ಉಳಿಸುವುದು, ಮಾನ ಉಳಿಸುವುದು, ಮೂರನ್ನೂ ಅವರು ಒಂದೇ ಮಾತಿನಿಂದ ಹೇಳುತ್ತ ಬಂದಿದ್ದಾರೆ. ಆ ಕಿರಿಯನು ದೊಡ್ಡ ಮಾತನ್ನು ಬಿಟ್ಟು ಈ ಚಿಕ್ಕ ಮಾತನ್ನು ಬರೆದಿದ್ದರೆ, ಹಿರಿಯರು ಉಳಿಸಿದ ಹಣದೊಡನೆ ಅವರ ಮಾನವೂ ಉಳಿಯುತ್ತಿತ್ತು.