ಕೊರಳ ಗಂಟಿಗೆ ಕಂಪ್ಯೂಟರ್ ಕಣ್ಣು: ಬೇಕು, ಆದರೆ ಎಲ್ಲಿಗೆ?

ನಮ್ಮ ಬಳಗದ ಗೆಳೆಯರೊಬ್ಬರ ಅತ್ತೆಗೆ ಕೊರಳಲ್ಲಿ ಗಂಟು ಕಾಣಿಸಿತು. ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ರಿಪೋರ್ಟ್ ಬಂತು: ಕ್ಯಾನ್ಸರ್ ಅಂತ ಹೇಳಲಾಗದು, ಅಲ್ಲ ಅಂತಲೂ ಹೇಳಲಾಗದು. 'ಹಂಗಾದ್ರೆ ದುಡ್ಡು ಯಾಕೆ ತಗಂಡ್ರು?' ಅಂದರು ಅತ್ತೆ.

ಪ್ರಶ್ನೆ ನ್ಯಾಯವಾದದ್ದೇ. ಆದರೆ ಥೈರಾಯ್ಡ್ ಗಂಟು ಹಾಗೇ ಇದೆ. ಬೆಥೆಸ್ಡಾ ಎಂಬ ಪದ್ಧತಿಯಲ್ಲಿ ರಿಪೋರ್ಟಿಗೆ 6 ವರ್ಗ. 2 ಅಂದರೆ ನಿರಪಾಯ, 6 ಅಂದರೆ ಕ್ಯಾನ್ಸರ್. ನಡುವಿನ 3, 4ರಲ್ಲಿ ಸಿಕ್ಕಿಬಿದ್ದವರದ್ದೇ ಗೋಳು.

ಪ್ಯಾಪಿಲರಿ ಕ್ಯಾನ್ಸರಾದರೆ ಜೀವಕೋಶದ ನ್ಯೂಕ್ಲಿಯಸ್ ದಪ್ಪಗಾಗಿ, ಕಾಫಿ ಬೀಜದ ಹಾಗೆ ನಡುವೆ ಗೀರು ಬಿದ್ದಿರುತ್ತದೆ. ನುರಿತ ಕಣ್ಣಿಗೆ ಗೊತ್ತಾಗುತ್ತದೆ. ಫಾಲಿಕ್ಯುಲರ್ ಗಂಟು ಹಾಗಲ್ಲ. ಅದು ತನ್ನ ಸುತ್ತಲಿನ ಪೊರೆ ಒಡೆದು ಹೊರಬಂದಿದ್ದರೆ ಕ್ಯಾನ್ಸರ್. ಸೂಜಿಗೆ ಬರುವುದು ಬಿಡಿ ಕೋಶಗಳು ಮಾತ್ರ. ದನದ ಒಂದು ಹಿಡಿ ಕೂದಲು ನೋಡಿ ಅದು ಬೇಲಿ ಮುರಿದಿದೆಯೋ ಇಲ್ಲವೋ ಹೇಳಿ ಅಂದ ಹಾಗೆ.

ಇಲ್ಲೇ ಡಿಜಿಟಲ್ ಚಿತ್ರ ವಿಶ್ಲೇಷಣೆ ಬರುವುದು. ಸ್ಲೈಡಿನ ಫೋಟೋ ತೆಗೆದು, ನೂರಾರು ನ್ಯೂಕ್ಲಿಯಸ್‌ಗಳ ಅಗಲ, ಸುತ್ತಳತೆ, ದುಂಡಗಿನ ಆಕಾರ, ಒಳಗಿನ ಬಣ್ಣದ ಕಣಗಳ ಹರವು ಎಲ್ಲವನ್ನೂ ಕಂಪ್ಯೂಟರ್ ಅಳೆಯುತ್ತದೆ. ಕಣ್ಣಿಗೆ ಕಾಣದ ಸಣ್ಣ ವ್ಯತ್ಯಾಸವೂ ಲೆಕ್ಕಕ್ಕೆ ಸಿಗಬಹುದು. ಆದರೂ ಅದು ಕೊಡುವುದು ಸಾಧ್ಯತೆ, ತೀರ್ಪಲ್ಲ. ಇನ್ನೊಂದು ತೊಡಕೂ ಇದೆ: ಒಂದು ಲ್ಯಾಬಿನ ಬಣ್ಣದಲ್ಲಿ ಪಾಠ ಕಲಿತ ಕಂಪ್ಯೂಟರ್ ಇನ್ನೊಂದು ಲ್ಯಾಬಿನ ಬಣ್ಣಕ್ಕೆ ಎಡವುತ್ತದೆ. ಸ್ಲೈಡೇ ಕೆಟ್ಟಿದ್ದರೆ ಯಾವ ಯಂತ್ರವೂ ಏನೂ ಮಾಡಲಾರದು.

ಹಾಗಾಗಿ ಇದು ದೊಡ್ಡ ಊರಿನ ಆಸ್ಪತ್ರೆಯ ಜಾಹೀರಾತಿಗಲ್ಲ, ಪೆಥಾಲಜಿಸ್ಟ್ ಕೊರತೆ ಇರುವ ಜಿಲ್ಲಾಸ್ಪತ್ರೆಗೆ ಬರಲಿ ಅನ್ನುತ್ತೇವೆ. ಅದೂ ನಮ್ಮ ಲ್ಯಾಬುಗಳ ಸ್ಲೈಡಿನಲ್ಲೇ ಪಾಠ ಕಲಿತು, ನಡುವಿನ ವರ್ಗದವರಿಗೆ ಎರಡನೇ ಕಣ್ಣಾಗಿ. ಕ್ಯಾಂಪ್ ಹಾಕಿ ಆರೋಗ್ಯವಂತರ ಕೊರಳನ್ನೆಲ್ಲ ತಡಕಲು ಬೇಡವೇ ಬೇಡ. ದಕ್ಷಿಣ ಕೊರಿಯಾದಲ್ಲಿ ಹಾಗೆ ಸ್ಕ್ಯಾನ್ ಮಾಡುತ್ತಾ ಹೋಗಿ, 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 1993ಕ್ಕಿಂತ 15 ಪಟ್ಟು ಏರಿತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಗ್ರಂಥಿ ತೆಗೆಸಿಕೊಂಡವರಲ್ಲಿ ಬಹಳ ಮಂದಿಗೆ ಜೀವನಪೂರ್ತಿ ಮಾತ್ರೆ.

ಅತ್ತೆ ಅರ್ಧ ಗ್ರಂಥಿ ತೆಗೆಸಿದರು. ಗಂಟು ಕ್ಯಾನ್ಸರ್ ಆಗಿರಲಿಲ್ಲ. ಆಪರೇಷನ್‌ಗೆ ಮುಂಚೆ ಇನ್ನೊಬ್ಬ ಡಾಕ್ಟರಿಗೆ ತೋರಿಸೋಣವೆಂದು ಆ ಸ್ಲೈಡ್ ಕೇಳಿದ್ದೆವು. ಲ್ಯಾಬಿನವರು ಹುಡುಕುತ್ತೇವೆ ಅಂದರು, ಇವತ್ತಿಗೂ ಕೊಟ್ಟಿಲ್ಲ. ನೀವು ಪರೀಕ್ಷೆ ಮಾಡಿಸಿದರೆ ರಿಪೋರ್ಟಿನ ಜೊತೆ ಸ್ಲೈಡನ್ನೂ ಅವತ್ತೇ ಕೇಳಿ.