ನೈಟ್ ಡ್ಯೂಟಿ ಮಾತು – 17: ಹಿಂದೆ ಇರೋದೂ ಕಾಣಲಿ ಬಿಡಿ

ರಾತ್ರಿ ಡ್ಯೂಟಿ ಮುಗಿಸಿ ಬಂದು ಬರೀತಿದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಹೋದ ವಾರ ಇಲ್ಲಿನ ಬ್ರೈಟನ್ ಬೀಚಿನ ಬಣ್ಣಬಣ್ಣದ ಮರದ ಗೂಡುಗಳ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಕಳಿಸಿದ್ದೆ. ಚಿಕ್ಕಮ್ಮ ಫೋನ್ ಮಾಡಿ, "ಹಿಂದೆ ಮಸುಕು ಮಾಡಿದ್ರೆ ಸ್ಟುಡಿಯೋ ಫೋಟೋ ತರ ಇರ್ತಿತ್ತಲ್ಲೇ" ಅಂದ್ರು. ಬೇಕಂತಲೇ ಮಾಡ್ಲಿಲ್ಲ ಚಿಕ್ಕಮ್ಮ. ಯಾಕೆ ಅಂತ ಹೇಳ್ತೀನಿ.

ದೊಡ್ಡ ಕ್ಯಾಮೆರಾದಲ್ಲಿ ಮಸುಕು ಲೆನ್ಸಿಂದಲೇ ಬರುತ್ತೆ. 50 ಎಂಎಂ ಲೆನ್ಸ್ ಹಾಕಿ, ಎಫ್ 1.8ಕ್ಕೆ ತೆರೆದು, ಮುಖದ ಹತ್ತಿರ ಹೋಗಿ, ಹಿಂದಿನ ಗೋಡೆ ದೂರ ಇದ್ರೆ ಸಾಕು. ಫೋನಿನ ಸೆನ್ಸರ್ ಬಹಳ ಚಿಕ್ಕದು, ಅದರಲ್ಲಿ ಎಲ್ಲವೂ ಸ್ಪಷ್ಟ ಕಾಣುತ್ತೆ. ಹಾಗಾಗಿ ಮನುಷ್ಯ ಎಲ್ಲಿ ಮುಗಿದ, ಗೋಡೆ ಎಲ್ಲಿ ಶುರುವಾಯ್ತು ಅಂತ ಫೋನೇ ಲೆಕ್ಕ ಹಾಕಿ ಮಿಕ್ಕಿದ್ದನ್ನ ಅಳಿಸುತ್ತೆ. 2016ರಲ್ಲಿ ಐಫೋನ್ 7 ಪ್ಲಸ್‌ಗೆ ಪೋರ್ಟ್ರೇಟ್ ಮೋಡ್ ಬಂದ ಮೇಲೆ ಎಲ್ಲರಿಗೂ ಇದೇ ಹುಚ್ಚು. ಲೆಕ್ಕ ತಪ್ಪಿದಾಗ ಕನ್ನಡಕದ ಅಂಚು, ಜಡೆಯ ಮಲ್ಲಿಗೆ ಎಲ್ಲಾ ಗೋಡೆ ಜೊತೆ ಕರಗಿ ಹೋಗುತ್ತೆ.

ನಾನೂ ಇದನ್ನ ಚೆನ್ನಾಗಿ ಬಳಸಿಕೊಂಡಿದ್ದೆ. ಸಿಡ್ನಿಯಲ್ಲಿ ಮೊದಲ ವರ್ಷ ಒಂದು ರೂಮಲ್ಲಿ ಮೂರು ಜನ ಇದ್ವಿ. ಹಾಸಿಗೆ ಮೇಲೆ ಒಣಗೋ ಬಟ್ಟೆ, ಕಿಟಕಿ ಹತ್ತಿರ ಪಾತ್ರೆ. ಅದು ಮನೆಯವರಿಗೆ ಕಾಣಬಾರ್ದು ಅಂತ ಪ್ರತಿ ಫೋಟೋನೂ ಮಸುಕು. ಕಿರಿಬಿಲ್ಲಿಯಲ್ಲಿ ಜಕರಂಡಾ ಹೂ ಬಿಟ್ಟು ಬೀದಿಯೆಲ್ಲಾ ನೇರಳೆ ಆಗಿದ್ದಾಗಲೂ ಅಭ್ಯಾಸಬಲದಿಂದ ಅದನ್ನೇ ಒತ್ತಿದೆ. ಅಪ್ಪ ನೋಡಿ, "ಮುಖ ಚೆನ್ನಾಗಿದೆ ಮಗಳೇ, ಆದ್ರೆ ನೀನು ಎಲ್ಲಿದೀಯ?" ಅಂದ್ರು. ನಕ್ಕು ಮಾತು ತೇಲಿಸಿಬಿಟ್ಟೆ.

ಅಪ್ಪನ ಕೊನೇ ಫೋಟೋ ತಮ್ಮ ತೆಗೆದಿದ್ದು. ಅರಸೀಕೆರೆ ಮನೆ ಜಗಲಿ ಮೇಲೆ ಕೂತಿದಾರೆ, ಗಡ್ಡದ ಒಂದೊಂದು ಕೂದಲೂ ಎಣಿಸಬಹುದು. ಹಿಂದೆ ಒಂದು ಹಸಿರು ಕಲೆ. ಅದು ಅಮ್ಮ. ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದಿದ್ರಂತೆ. ಅವರಿಬ್ಬರೂ ಒಟ್ಟಿಗೆ ಇರೋ ಕೊನೇ ಫೋಟೋದಲ್ಲಿ ಅಮ್ಮನ ಮುಖ ಇಲ್ಲ. ನಮ್ಮ ಹತ್ರ ಉಳಿದಿರೋದು ವಾಟ್ಸಾಪಲ್ಲಿ ಬಂದ ಕಾಪಿ. ತಮ್ಮನ ಹಳೇ ಫೋನ್ ಕೈಬಿಟ್ಟು ಹೋಯ್ತು, ಅದರ ಜೊತೆ ಮೂಲ ಫೋಟೋನೂ.

ಈಗ ಮೆಲ್ಬರ್ನಿನ ವಾರ್ಡಲ್ಲಿ ವಯಸ್ಸಾದವರೇ ಜಾಸ್ತಿ. ಹಳೇ ಫೋಟೋ ತೋರಿಸುವಾಗ ಅವರ ಬೆರಳು ಮುಖದ ಮೇಲೆ ಹೆಚ್ಚು ಹೊತ್ತು ನಿಲ್ಲಲ್ಲ. "ಇದು ನಮ್ಮಪ್ಪನ ಕಾರು, ಇದು ಪಕ್ಕದ ಮನೆ ಬೇಲಿ" ಅಂತ ಹಿಂದಕ್ಕೇ ಹೋಗುತ್ತೆ. ಮಾತು ಶುರುವಾಗೋದೂ ಅಲ್ಲಿಂದಲೇ.

ಮಸುಕು ಬೇಡವೇ ಬೇಡ ಅಂತಲ್ಲ. ಕೆಲಸದ ಅರ್ಜಿಗೆ, ಹುಡುಗಿ ನೋಡೋರಿಗೆ ಕಳಿಸೋಕೆ ಧಾರಾಳವಾಗಿ ಮಾಡಿ. ಮನೆ ಫೋಟೋಗೆ ಮಾತ್ರ ಬೇಡ. ಮಾಡಿದ್ರೂ ಮೂಲ ಫೋಟೋ ಅಳಿಸಬೇಡಿ. ಐಫೋನಲ್ಲಿ ಎಡಿಟ್‌ಗೆ ಹೋಗಿ ಪೋರ್ಟ್ರೇಟ್ ಆಫ್ ಮಾಡಿದ್ರೆ ಹಿಂದಿನದೆಲ್ಲಾ ವಾಪಸ್ ಬರುತ್ತೆ. ವಾಟ್ಸಾಪ್ ಕಾಪಿಯಲ್ಲಿ ಅದು ಆಗಲ್ಲ.

ಅಮ್ಮಾ, ನಾಳೆ ತಮ್ಮನ ಕೈಲಿ ಒಂದು ಫೋಟೋ ತೆಗೆಸಿ ಕಳಿಸು. ಜಗಲಿ, ತೆಂಗಿನ ಮರ, ಒಣಗೋಕೆ ಹಾಕಿರೋ ಹಪ್ಪಳ, ಎಲ್ಲಾ ಇರಲಿ. ನಾನೂ ಈ ಸಲ ನನ್ನ ರೂಮಿಂದು ಕಳಿಸ್ತೀನಿ, ಮಡಚದ ಬಟ್ಟೆ ಸಮೇತ.